ಹರಳಿನ ಹೊರರೂಪ ಎಷ್ಟು ನಂಬಬಹುದಾದ ಸಾಕ್ಷಿ?



ಈ ದತ್ತಿ ಉಪನ್ಯಾಸದ ಸಂಘಟಕರು ನನಗೆ ಹಾಕಿದ ಷರತ್ತು ಒಂದೇ. ರಸಾಯನಶಾಸ್ತ್ರ ಓದದವರಿಗೂ ತಿಳಿಯಬೇಕು, ಓದಿದವರು ಆಕಳಿಸಬಾರದು. ಎರಡನ್ನೂ ಒಟ್ಟಿಗೆ ನಿಭಾಯಿಸುವುದು ಸುಲಭವಲ್ಲ ಎಂದು ಗೊತ್ತಿದ್ದೇ ಒಪ್ಪಿಕೊಂಡೆ. ಹಾಗಾಗಿ ಕಣ್ಣಿಗೆ ಕಾಣುವ ವಸ್ತುವನ್ನೇ ಆರಿಸಿಕೊಂಡಿದ್ದೇನೆ: ಹರಳು. ಅದರಲ್ಲೂ ಲೋಹದ ಪರಮಾಣುಗಳೂ ಇಂಗಾಲದ ಅಣುಗಳೂ ಕೈಹಿಡಿದು ಕಟ್ಟಿದ ಹರಳು. ಅದರಲ್ಲೂ ಎಡ-ಬಲ ಎಂಬ ಭೇದ ಉಳ್ಳದ್ದು, ತರಗತಿಯಲ್ಲಿ ನಾವು ಕೈರಲ್ ಎನ್ನುವಂಥದ್ದು.

ಕೇಳಬೇಕೆಂದಿರುವ ಪ್ರಶ್ನೆಯೂ ಒಂದೇ. ಹರಳಿನ ಹೊರಮೈ ನೋಡಿ ಒಳಗಿನ ಕಟ್ಟನ್ನು ಹೇಳಬಹುದೇ? 1848ರಲ್ಲಿ ಒಬ್ಬ ತರುಣ ‘ಹೇಳಬಹುದು’ ಎಂದು ತೋರಿಸಿ ಜಗತ್ತನ್ನು ಬೆರಗುಗೊಳಿಸಿದ. 2020ರಲ್ಲಿ ಪ್ರಕಟವಾದ ಒಂದು ಪ್ರಬಂಧದ ಹರಳುಗಳು ಆ ನಂಬಿಕೆಯನ್ನು ಅಲ್ಲಾಡಿಸಿವೆ. ನಡುವೆ ಏನಾಯಿತು ಎಂಬುದೇ ಇವತ್ತಿನ ಮಾತು.

ಮೊದಲು ಎಡ-ಬಲ ಎಂದರೇನು ನೋಡೋಣ. ದೇವರ ಮನೆಯಲ್ಲಿ ಶಂಖ ಇಟ್ಟುಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಲಮುರಿ ಶಂಖವನ್ನು ಹೇಗೇ ಹೊರಳಿಸಿ ಹಿಡಿದರೂ ಅದು ಎಡಮುರಿ ಆಗದು. ಕನ್ನಡಿಯೊಳಗೆ ಮಾತ್ರ ಆಗುತ್ತದೆ. ಇಲ್ಲಿ ಒಂದು ತಮಾಷೆಯೂ ಇದೆ. ನಾವು ಅಪರೂಪವೆಂದು ಪೂಜಿಸುವ ಬಲಮುರಿಯನ್ನು ಪ್ರಾಣಿಶಾಸ್ತ್ರಜ್ಞರು ಎಡ ಸುರುಳಿಯದೆಂದು ಬರೆದುಕೊಳ್ಳುತ್ತಾರೆ. ಕಾರಣ, ಅವರು ಶಂಖದ ತುದಿಯನ್ನು ಮೇಲಕ್ಕೆ ಮಾಡಿ ನೋಡುತ್ತಾರೆ. ಎರಡು ಶಂಖಗಳ ನಡುವಿನ ಭೇದ ನಿಜ, ಯಾವುದಕ್ಕೆ ಯಾವ ಹೆಸರು ಎಂಬುದು ನೋಡುವವರ ಒಪ್ಪಂದ. ಈ ಮಾತನ್ನು ನೆನಪಿಟ್ಟುಕೊಳ್ಳಿ. ರಸಾಯನಶಾಸ್ತ್ರಜ್ಞರು ಬಹಳ ಕಾಲ ಇದೇ ಪೇಚಿನಲ್ಲಿ ಸಿಕ್ಕಿಕೊಂಡಿದ್ದರು.

ಅಣುಗಳಲ್ಲೂ ಈ ಭೇದ ಉಂಟು, ನಮ್ಮ ಮೂಗಿಗೆ ಅದು ಗೊತ್ತೂ ಆಗುತ್ತದೆ. ಪುದೀನದ ಘಮಕ್ಕೆ ಮುಖ್ಯ ಕಾರಣವಾದ ಕಾರ್ವೋನ್ ಎಂಬ ಅಣುವಿನ ಕನ್ನಡಿ ಬಿಂಬವೇ ಸಬ್ಬಸಿಗೆ ಬೀಜದಲ್ಲಿದೆ. ಎರಡರಲ್ಲೂ ಅವೇ ಪರಮಾಣುಗಳು, ಅಷ್ಟೇ ಸಂಖ್ಯೆ, ಅದೇ ಸರಣಿ. ಆದರೂ ಪುದೀನ ಯಾವುದು ಸಬ್ಬಸಿಗೆ ಯಾವುದು ಎಂದು ಕಣ್ಣು ಮುಚ್ಚಿಕೊಂಡೇ ಹೇಳುತ್ತೀರಿ. ಮೂಗಿನೊಳಗಿನ ಗ್ರಾಹಿಗಳಿಗೇ ಎಡ-ಬಲ ಇರುವುದರಿಂದ ಇದು ಸಾಧ್ಯ. ಔಷಧಗಳ ವಿಷಯದಲ್ಲಿ ಈ ಭೇದ ಘಮಕ್ಕಿಂತ ಎಷ್ಟೋ ಗಂಭೀರ. ಒಂದು ರೂಪ ಕೆಲಸ ಮಾಡುತ್ತದೆ, ಇನ್ನೊಂದು ಸುಮ್ಮನಿರುತ್ತದೆ ಇಲ್ಲವೇ ಹಾನಿ ಮಾಡುತ್ತದೆ. ಈ ಎರಡನ್ನೂ ಬೇರ್ಪಡಿಸುವುದು ಔಷಧ ಉದ್ಯಮದ ದೊಡ್ಡ ಖರ್ಚಿನ ಬಾಬತ್ತು.

ಈಗ 1848ಕ್ಕೆ ಬರೋಣ. ಸ್ಥಳ ಪ್ಯಾರಿಸ್ಸಿನ ಎಕೋಲ್ ನಾರ್ಮಾಲ್. ಲೂಯಿ ಪಾಶ್ಚರನಿಗೆ ಆಗ 25 ವರ್ಷ. ಅವನ ಮುಂದಿದ್ದ ವಸ್ತು ಟಾರ್ಟಾರಿಕ್ ಆಮ್ಲ. ನಮ್ಮ ಸಾರಿಗೆ ಹುಳಿ ಕೊಡುವ ಹುಣಸೆಹಣ್ಣಿನಲ್ಲಿ ಇರುವುದೂ ಇದೇ. ಅವನಿಗೆ ಸಿಗುತ್ತಿದ್ದುದು ವೈನ್ ಪೀಪಾಯಿಗಳ ತಳದ ಗಷ್ಟಿನಿಂದ. ಈ ಆಮ್ಲದ ದ್ರಾವಣದ ಮೂಲಕ ಧ್ರುವೀಕರಿಸಿದ ಬೆಳಕನ್ನು, ಅಂದರೆ ಒಂದೇ ಸಮತಲದಲ್ಲಿ ಕಂಪಿಸುವ ಬೆಳಕನ್ನು ಹಾಯಿಸಿದರೆ ಆ ಸಮತಲ ಬಲಕ್ಕೆ ತಿರುಗುತ್ತದೆ. ಆದರೆ ಆಲ್ಸೇಸ್ ಪ್ರಾಂತದ ಥಾನ್ ಊರಿನ ಕಾರ್ಖಾನೆಯಲ್ಲಿ ಇದರ ಜೊತೆಗೇ ಇನ್ನೊಂದು ಆಮ್ಲ ಸಿಕ್ಕಿತ್ತು. ಸಂಯೋಜನೆ ಒಂದೇ, ಆದರೆ ಅದು ಬೆಳಕನ್ನು ತಿರುಗಿಸುತ್ತಿರಲಿಲ್ಲ. ಇವೆರಡರ ಸೋಡಿಯಂ ಅಮೋನಿಯಂ ಲವಣಗಳ ಹರಳುಗಳು ಆಕಾರದಲ್ಲೂ ಕೋನಗಳಲ್ಲೂ ಒಂದೇ ಎಂದು ಜರ್ಮನಿಯ ಮಿಚರ್ಲಿಖ್ 1844ರಲ್ಲಿ ಬರೆದಿದ್ದ. ಆಗಿನ ಕಾಲಕ್ಕೆ ಅದು ದೊಡ್ಡ ಹೆಸರು. ಆಕಾರ ಒಂದೇ, ಗುಣ ಬೇರೆ ಎಂದರೆ ಹೇಗೆ?

ಪಾಶ್ಚರ್ ಹರಳುಗಳನ್ನು ತಾನೇ ಬೆಳೆಸಿ ನೋಡಿದ. ಟಾರ್ಟ್ರೇಟ್, ಅಂದರೆ ಟಾರ್ಟಾರಿಕ್ ಆಮ್ಲದ ಲವಣದ ಹರಳಿನ ಅಂಚಿನಲ್ಲಿ ಒಂದು ಪುಟ್ಟ ಓರೆ ಮುಖ ಇತ್ತು, ಅದು ಯಾವಾಗಲೂ ಒಂದೇ ಕಡೆಗೆ ವಾಲಿರುತ್ತಿತ್ತು. ಬೆಳಕು ತಿರುಗಿಸದ ಲವಣದಲ್ಲಿ ಆ ಓರೆ ಮುಖ ಇರಲಾರದು ಎಂದು ಅವನು ಅಂದುಕೊಂಡಿದ್ದ. ನೋಡಿದರೆ ಅಲ್ಲೂ ಇತ್ತು. ಆದರೆ ಕೆಲವು ಹರಳುಗಳಲ್ಲಿ ಬಲಕ್ಕೆ, ಕೆಲವುಗಳಲ್ಲಿ ಎಡಕ್ಕೆ. ಅವನು ಹರಳುಗಳನ್ನು ಒಂದೊಂದಾಗಿ ಕೈಯಿಂದ ಆರಿಸಿ ಎರಡು ಗುಡ್ಡೆ ಮಾಡಿ ಬೇರೆ ಬೇರೆ ಕರಗಿಸಿದ. ಒಂದು ಬೆಳಕನ್ನು ಬಲಕ್ಕೆ ತಿರುಗಿಸಿತು, ಇನ್ನೊಂದು ಅಷ್ಟೇ ಪ್ರಮಾಣದಲ್ಲಿ ಎಡಕ್ಕೆ. ಎರಡನ್ನೂ ಸಮನಾಗಿ ಬೆರೆಸಿದರೆ ಸೊನ್ನೆ.

ಮುದಿ ವಿಜ್ಞಾನಿ ಬಿಯೋ ಇದನ್ನು ಸುಮ್ಮನೆ ನಂಬಲಿಲ್ಲ. ಅವನಿಗೆ ಆಗ 74. ಪಾಶ್ಚರನನ್ನು ತನ್ನಲ್ಲಿಗೆ ಕರೆಸಿ, ತಾನೇ ಪರೀಕ್ಷಿಸಿಟ್ಟಿದ್ದ ಆಮ್ಲ, ಸೋಡಾ, ಅಮೋನಿಯಾಗಳನ್ನು ಕೊಟ್ಟು ತನ್ನ ಕಣ್ಣೆದುರಿಗೇ ದ್ರಾವಣ ಮಾಡಿಸಿದ. ಪಾತ್ರೆಯನ್ನು ತನ್ನ ಕೋಣೆಯಲ್ಲೇ ಇಟ್ಟುಕೊಂಡ. ಹರಳು ಬಂದ ಮೇಲೆ ಪಾಶ್ಚರನಿಂದ ಎಡ-ಬಲ ಆರಿಸಿಸಿ, ದ್ರಾವಣಗಳನ್ನು ತಾನೇ ತಯಾರಿಸಿದ. ಬೆಳಕಿನ ತಿರುವು ಅಳೆಯುವ ಉಪಕರಣಕ್ಕೆ ಮೊದಲು ಇಟ್ಟದ್ದು ಎಡಕ್ಕೆ ತಿರುಗಿಸಬೇಕಾದ ಹೊಸ ವಸ್ತುವನ್ನೇ. ಅಳತೆ ತೆಗೆಯುವುದಕ್ಕೂ ಮುಂಚೆ, ಅದರಲ್ಲಿ ಕಂಡ ಬಣ್ಣ ನೋಡಿದ ಕೂಡಲೇ ಅವನಿಗೆ ಉತ್ತರ ಸಿಕ್ಕಿತು. ಈ ಪ್ರಸಂಗವನ್ನು ಪಾಶ್ಚರನ ಜಾಣ್ಮೆಯ ಕಥೆಯಾಗಿ ಹೇಳುತ್ತಾರೆ. ನನಗೆ ಬಿಯೋನ ಹಟವೂ ಅಷ್ಟೇ ಇಷ್ಟ. ಒಬ್ಬನ ಫಲಿತಾಂಶವನ್ನು ಹೊಗಳುವ ಮುನ್ನ ತನ್ನದೇ ಸಾಮಾನು ಕೊಟ್ಟು ಮತ್ತೆ ಮಾಡಿಸುವ ಹಿರಿಯರು ಯಾವ ಕಾಲಕ್ಕೂ ಬೇಕು.

ಪಾಶ್ಚರನ ಅದೃಷ್ಟವನ್ನೂ ಹೇಳಬೇಕು. ಈ ಲವಣ ಎಡ ಹರಳು, ಬಲ ಹರಳು ಎಂದು ಬೇರೆ ಬೇರೆಯಾಗಿ ಕಟ್ಟುವುದು ಸುಮಾರು 27 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಮಾತ್ರ. ಅದಕ್ಕಿಂತ ಬಿಸಿಯಾದರೆ ಎರಡೂ ಬಗೆಯ ಅಣುಗಳು ಒಂದೇ ಹರಳಿನಲ್ಲಿ ಜೊತೆಯಾಗಿ ಕೂರುತ್ತವೆ, ಆರಿಸುವುದಕ್ಕೆ ಏನೂ ಉಳಿಯುವುದಿಲ್ಲ. ಕಲಬುರಗಿಯ ಮೇ ತಿಂಗಳಲ್ಲಿ ಪ್ರಯೋಗ ಮಾಡಿದ್ದರೆ ಪಾಶ್ಚರ್ ಬರಿಗೈಯಲ್ಲಿ ಎದ್ದು ಹೋಗುತ್ತಿದ್ದ.

ಅವನು ಸಾಧಿಸಿದ್ದೇನು, ಸಾಧಿಸದೆ ಬಿಟ್ಟದ್ದೇನು? ಹೊರಗಿನ ಓರೆ ಮುಖ ಒಳಗಿನ ಎಡ-ಬಲದ ಗುರುತು ಎಂದು ತೋರಿಸಿದ. ಎರಡು ಬಗೆ ಇವೆ ಎಂಬುದು ಖಾತ್ರಿಯಾಯಿತು. ಆದರೆ ಬಲಕ್ಕೆ ತಿರುಗಿಸುವ ಹರಳಿನ ಅಣುವಿನಲ್ಲಿ ಪರಮಾಣುಗಳು ಎಡಕ್ಕೆ ಕೂತಿವೆಯೋ ಬಲಕ್ಕೋ ಎಂಬುದು ಅವನಿಗೂ ತಿಳಿಯಲಿಲ್ಲ, ಮುಂದಿನ ನೂರು ವರ್ಷ ಯಾರಿಗೂ ತಿಳಿಯಲಿಲ್ಲ. ಎಮಿಲ್ ಫಿಷರ್ ಸಕ್ಕರೆಗಳ ರಚನೆ ಬರೆಯುವಾಗ ಎರಡರಲ್ಲಿ ಒಂದನ್ನು ಊಹೆಯಿಂದ ಹಿಡಿದ, ಉಳಿದವರು ಅದನ್ನೇ ಅನುಸರಿಸಿದರು. ಊಹೆ ಸರಿಯಾಗುವ ಸಂಭವ ಅರ್ಧಕ್ಕರ್ಧ. ಶಂಖವನ್ನು ಯಾವ ಕಡೆಯಿಂದ ಹಿಡಿದಿದ್ದೇವೆಂದು ಗೊತ್ತಿಲ್ಲದೆಯೇ ಹೆಸರು ಕೊಟ್ಟ ಹಾಗೆ.

ಇಷ್ಟು ಹೊತ್ತು ಎಡ-ಬಲ ಎಂದರೆ ಇಂಗಾಲದ ಅಣುಗಳ ಸ್ವತ್ತು ಎಂಬಂತೆ ಮಾತಾಡಿದೆ. ಹತ್ತೊಂಬತ್ತನೆಯ ಶತಮಾನದ ವಿಜ್ಞಾನಿಗಳೂ ಹಾಗೆಯೇ ಭಾವಿಸಿದ್ದರು. ಅದನ್ನು ಮುರಿದವನು ಜ್ಯೂರಿಕ್‌ನ ಆಲ್ಫ್ರೆಡ್ ವರ್ನರ್. ಲೋಹದ ಪರಮಾಣು ನಡುವೆ ಕೂತು ಸುತ್ತ ಆರು ಕೈಗಳನ್ನು ನಿಶ್ಚಿತ ದಿಕ್ಕುಗಳಿಗೆ ಚಾಚುತ್ತದೆ ಎಂಬುದು ಅವನ ವಾದ. ಹಾಗಿದ್ದರೆ ಲೋಹದ ಸುತ್ತಲೂ ಎಡ-ಬಲ ಸಾಧ್ಯವಾಗಬೇಕು. ತನ್ನ ವಿದ್ಯಾರ್ಥಿ ವಿಕ್ಟರ್ ಕಿಂಗ್ ಜೊತೆ ಸೇರಿ 1911ರಲ್ಲಿ ಕೋಬಾಲ್ಟ್ ಸಂಯುಕ್ತವೊಂದನ್ನು ಎರಡು ಕನ್ನಡಿ ರೂಪಗಳಾಗಿ ಬೇರ್ಪಡಿಸಿ ತೋರಿಸಿದ. 1913ರಲ್ಲಿ ನೊಬೆಲ್ ಬಂತು. ಇಂಗಾಲದ ಒಂದು ಪರಮಾಣುವೂ ಇಲ್ಲದ ಸಂಯುಕ್ತದಲ್ಲೂ ಇದೇ ಗುಣವನ್ನು 1914ರಲ್ಲಿ ತೋರಿಸಿ ಚರ್ಚೆಗೆ ಬಾಗಿಲು ಹಾಕಿದ. ವರ್ನರನ ವಿದ್ಯಾರ್ಥಿನಿ, 1901ರಲ್ಲಿ ಡಾಕ್ಟರೇಟ್ ಪಡೆದ ಎಡಿತ್ ಹಂಫ್ರಿ ತಯಾರಿಸಿದ್ದ ಹರಳುಗಳಲ್ಲಿ ಒಂದನ್ನು ಎತ್ತಿ ಪರೀಕ್ಷಿಸಿದ್ದರೆ ಹತ್ತು ವರ್ಷ ಮೊದಲೇ ಉತ್ತರ ಸಿಗುತ್ತಿತ್ತು ಎಂಬ ಕಥೆ ಪ್ರಚಲಿತವಾಗಿದೆ. ಅದನ್ನು ಅಲ್ಲಗಳೆದವರೂ ಇದ್ದಾರೆ. ಆ ಜಗಳಕ್ಕೆ ನಾನು ಹೋಗುವುದಿಲ್ಲ.

ಒಳಗಟ್ಟಿನ ಬಗ್ಗೆ ಒಂದೆರಡು ಮಾತು ಹೇಳದಿದ್ದರೆ ಮುಂದಿನದು ಅರ್ಥವಾಗದು. ಹರಳೆಂದರೆ ಒಂದು ಚಿಕ್ಕ ಘಟಕ ಮೂರೂ ದಿಕ್ಕಿಗೆ ತಪ್ಪದೆ ಪುನರಾವರ್ತಿಸುವುದು. ಹಾಗೆ ಪುನರಾವರ್ತಿಸುವ ವಿಧಾನಗಳು ಒಟ್ಟು 230. ಇದನ್ನು ಪ್ರಯೋಗವಿಲ್ಲದೆ ಬರೀ ಗಣಿತದಿಂದಲೇ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಎಣಿಸಿ ಮುಗಿಸಿದ್ದರು. ಅವುಗಳಲ್ಲಿ ಕನ್ನಡಿ ಸಮಮಿತಿಯಾಗಲಿ ಅದರ ಬಳಗದ ಸಮಮಿತಿಗಳಾಗಲಿ ಇಲ್ಲದವು 65. ಎಡ-ಬಲವುಳ್ಳ ರಚನೆಗೆ ಜಾಗವಿರುವುದು ಈ 65ರಲ್ಲಿ ಮಾತ್ರ. ಒಂದೇ ಕೈಯ, ಅಂದರೆ ಎಲ್ಲವೂ ಎಡ ಇಲ್ಲವೇ ಎಲ್ಲವೂ ಬಲ ಆದ ಅಣುಗಳಿಂದ ಹರಳು ಕಟ್ಟಿದರೆ ಅದು ಇವುಗಳಲ್ಲೇ ಬಂದು ಕೂರಬೇಕು, ಬೇರೆ ದಾರಿಯಿಲ್ಲ. ಆದರೆ ಇದರ ತಿರುಗಾಮುರುಗಾ ನಿಜವಲ್ಲ. ಎಡ-ಬಲವೇ ಇಲ್ಲದ ತುಣುಕುಗಳೂ ಈ 65ರೊಳಗೆ ಬಂದು ಎಡ-ಬಲವುಳ್ಳ ಹರಳನ್ನು ಕಟ್ಟಬಲ್ಲವು. ಇವತ್ತಿನ ಉಪನ್ಯಾಸದ ಜೀವ ಇರುವುದು ಇಲ್ಲಿ.

ಅದಕ್ಕೆ ಸರಳ ಉದಾಹರಣೆ ಸೋಡಿಯಂ ಕ್ಲೋರೇಟ್. ನೀರಿನಲ್ಲಿ ಕರಗಿದಾಗ ಅದಕ್ಕೆ ಎಡವೂ ಇಲ್ಲ, ಬಲವೂ ಇಲ್ಲ. ಹರಳಾದರೆ ಮಾತ್ರ ಪ್ರತಿಯೊಂದು ಹರಳೂ ಎಡವೋ ಬಲವೋ ಆಗಿರುತ್ತದೆ. 1898ರಲ್ಲಿ ಕಿಪಿಂಗ್ ಮತ್ತು ಪೋಪ್ ಎಂಬ ಇಬ್ಬರು ಇಂಗ್ಲಿಷ್ ರಸಾಯನಶಾಸ್ತ್ರಜ್ಞರು ಮೂರು ಸಾವಿರಕ್ಕೂ ಹೆಚ್ಚು ಹರಳುಗಳನ್ನು ಒಂದೊಂದಾಗಿ ನೋಡಿ ಎಣಿಸಿದರು. ಸರಿಸುಮಾರು ಅರ್ಧ ಎಡ, ಅರ್ಧ ಬಲ. ಪ್ರಕೃತಿಗೆ ಪಕ್ಷಪಾತವಿಲ್ಲ ಎಂದು ಎಲ್ಲರೂ ನಿಟ್ಟುಸಿರು ಬಿಟ್ಟರು. 1990ರಲ್ಲಿ ದಿಲೀಪ್ ಕೊಂಡೆಪುಡಿ ಮತ್ತು ಸಂಗಡಿಗರು ಇದೇ ಪ್ರಯೋಗವನ್ನು ಒಂದು ಸಣ್ಣ ಬದಲಾವಣೆಯೊಂದಿಗೆ ಮಾಡಿದರು. ದ್ರಾವಣವನ್ನು ಕಲಕುತ್ತಾ ಇಟ್ಟರು. ಆಗ ಒಂದು ಪಾತ್ರೆಯಲ್ಲಿ ಬಂದ ಹರಳುಗಳೆಲ್ಲ ಹೆಚ್ಚುಕಡಿಮೆ ಒಂದೇ ಕೈಯವು. ಮತ್ತೊಂದು ಪಾತ್ರೆಯಲ್ಲಿ ಎಲ್ಲವೂ ಇನ್ನೊಂದು ಕೈಯವು. ಮೊದಲು ಹುಟ್ಟಿದ ಹರಳು ಕಲಕುವಾಗ ಚೂರಾಗಿ ತನ್ನದೇ ಬಗೆಯ ಬೀಜಗಳನ್ನು ಪಾತ್ರೆಯ ತುಂಬಾ ಚೆಲ್ಲುತ್ತದೆ. ಯಾವ ಕೈ ಗೆಲ್ಲುತ್ತದೆ ಎಂಬುದು ಆಕಸ್ಮಿಕ, ಗೆದ್ದ ಮೇಲೆ ಮಾತ್ರ ಅದು ಪೂರ್ತಿ ಗೆಲುವು. ಒಂದು ಚಮಚ ಕಲಕಿದ್ದಕ್ಕೆ ಪ್ರಕೃತಿಯ ಸಮತೋಲ ತಪ್ಪುತ್ತದೆ ಎಂದರೆ ಮೈ ಜುಮ್ಮೆನ್ನುವುದಿಲ್ಲವೇ?

ಹೊರರೂಪದ ಪ್ರಶ್ನೆಗೆ ಮರಳುತ್ತೇನೆ. ಹರಳಿಗೆ ಒಂದು ಆಕಾರ ಬರುವುದಾದರೂ ಹೇಗೆ? ಬೆಳೆಯುತ್ತಿರುವ ಹರಳಿನ ಎಲ್ಲ ಮುಖಗಳೂ ಒಂದೇ ವೇಗದಲ್ಲಿ ಬೆಳೆಯುವುದಿಲ್ಲ. ಬೇಗ ಬೆಳೆಯುವ ಮುಖ ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ, ತಡವಾಗಿ ಬೆಳೆಯುವ ಮುಖ ಅಗಲವಾಗಿ ಉಳಿಯುತ್ತದೆ. ಅಂದರೆ ನಾವು ಕೈಯಲ್ಲಿ ಹಿಡಿದು ಮೆಚ್ಚುವ ಹೊಳಪಿನ ಮುಖಗಳೆಲ್ಲ ಸೋಮಾರಿ ಮುಖಗಳು! ಈ ವೇಗ ಒಳಗಿನ ಕಟ್ಟನ್ನಷ್ಟೇ ಅವಲಂಬಿಸಿಲ್ಲ, ಸುತ್ತಲಿನ ದ್ರಾವಣದ ಮೇಲೂ ನಿಂತಿದೆ. ಅಡುಗೆ ಉಪ್ಪು ಘನಾಕಾರದಲ್ಲಿ ಬರುತ್ತದೆ. ಅದೇ ದ್ರಾವಣಕ್ಕೆ ಯೂರಿಯಾ ಹಾಕಿದರೆ ಎಂಟು ಮುಖದ ಹರಳಾಗುತ್ತದೆ. ಒಳಗಟ್ಟು ಒಂದಿಷ್ಟೂ ಬದಲಾಗಿರುವುದಿಲ್ಲ. ಹೊರರೂಪದ ಸಾಕ್ಷ್ಯವನ್ನು ಪಾಟಿಸವಾಲಿಲ್ಲದೆ ಒಪ್ಪಬಾರದೆಂಬುದಕ್ಕೆ ಇದು ಮೊದಲ ಕಾರಣ.

ಎರಡನೆಯ ಕಾರಣ ಅಮೆಥಿಸ್ಟ್. ನೇರಳೆ ಬಣ್ಣದ ಈ ಸ್ಫಟಿಕ ಹೊರಗಿನಿಂದ ಚೊಕ್ಕವಾದ ಒಂದು ಹರಳು. ಕೊಯ್ದು ಧ್ರುವೀಕರಿಸಿದ ಬೆಳಕಿನಲ್ಲಿ ನೋಡಿದರೆ ಎಷ್ಟೋ ಸಲ ಒಳಗೆ ಎಡ ಸ್ಫಟಿಕ, ಬಲ ಸ್ಫಟಿಕ ಪದರ ಪದರವಾಗಿ ಹೆಣೆದುಕೊಂಡಿರುತ್ತವೆ. ಹೊರಗೆ ಒಂದು, ಒಳಗೆ ಎರಡು. ಮೂರನೆಯದು ಸುರುಳಿಗಳು. ಹರಳಿನ ಮೇಲ್ಮೈಯಲ್ಲಿ ಮೆಟ್ಟಿಲು ಸುರುಳಿಯಂತೆ ಬೆಳವಣಿಗೆ ಏರುತ್ತಾ ಹೋಗಬಹುದೆಂದು ಬ್ರಿಟನ್ನಿನ ಫ್ರಾಂಕ್ 1949ರಲ್ಲಿ ಹೇಳಿದರು. ಲಂಡನ್ನಿನಲ್ಲಿ ಕೆಲಸ ಮಾಡುತ್ತಿದ್ದ ನಮ್ಮ ದೇಶದ ಅಜಿತ್ ರಾಮ್ ವರ್ಮ 1951ರ ಹೊತ್ತಿಗೆ ಸಿಲಿಕಾನ್ ಕಾರ್ಬೈಡ್ ಹರಳುಗಳ ಮೇಲೆ ಅಂಥ ಸುರುಳಿಗಳ ಅದ್ಭುತ ಚಿತ್ರಗಳನ್ನು ತೆಗೆದರು. ಸುರುಳಿ ಎಡಕ್ಕೆ ಸುತ್ತಿದ ಮಾತ್ರಕ್ಕೆ ಒಳಗಿನ ರಚನೆ ಎಡಗೈಯದೆಂದು ಅರ್ಥವಲ್ಲ. ಎಡ-ಬಲವಿಲ್ಲದ ಹರಳಿನ ಮೇಲೂ ಎರಡೂ ಬಗೆಯ ಸುರುಳಿ ಬರಬಹುದು, ಅವು ಒಳಗಿನ ಒಂದು ದೋಷದ ಗುರುತು ಅಷ್ಟೇ.

ಹಾಗಾದರೆ ಒಳಗಟ್ಟನ್ನು ನೇರವಾಗಿ ನೋಡುವುದೇ ಸರಿ ಎನ್ನುತ್ತೀರಿ. ಎಕ್ಸ್-ರೇ ಇದ್ದೇ ಇದೆಯಲ್ಲ? ಅಲ್ಲೂ ತೊಡಕಿತ್ತು. ಸಾಮಾನ್ಯ ಎಕ್ಸ್-ರೇ ಚಿತ್ರದಲ್ಲಿ ಎಡ ಹರಳೂ ಬಲ ಹರಳೂ ಒಂದೇ ರೀತಿ ಚುಕ್ಕೆಗಳನ್ನು ಕೊಡುತ್ತವೆ. ಪರಮಾಣುಗಳ ನಡುವಿನ ದೂರವೆಲ್ಲ ಸಿಕ್ಕೀತು, ಕೈ ಯಾವುದೆಂದು ತಿಳಿಯದು. ಈ ಕಗ್ಗಂಟನ್ನು ಬಿಚ್ಚಿದ್ದು ಒಂದು ಲೋಹ. ಹಾಲೆಂಡಿನ ಉಟ್ರೆಕ್ಟ್‌ನಲ್ಲಿ ಬೈಫುಟ್ ಮತ್ತು ಇಬ್ಬರು ಸಹೋದ್ಯೋಗಿಗಳು ಪಾಶ್ಚರನ ಲವಣದಲ್ಲಿದ್ದ ಅಮೋನಿಯಂ ಜಾಗಕ್ಕೆ ರುಬಿಡಿಯಂ ತಂದರು. ರುಬಿಡಿಯಂ ಪರಮಾಣು ವಿಶೇಷವಾಗಿ ಸ್ಪಂದಿಸುವಂಥ ತರಂಗಾಂತರದ ಎಕ್ಸ್-ರೇ ಆರಿಸಿಕೊಂಡರು. ಆಗ ಒಂದೇ ತೀವ್ರತೆಯವಾಗಿರಬೇಕಿದ್ದ ಚುಕ್ಕೆಗಳ ಜೋಡಿಯಲ್ಲಿ ಒಂದು ಮತ್ತೊಂದಕ್ಕಿಂತ ಕೊಂಚ ಗಾಢವಾಯಿತು. ಯಾವುದು ಗಾಢ ಎಂಬುದರಲ್ಲಿ ಕೈಯ ಗುರುತು ಸಿಕ್ಕಿತು. 1951ರಲ್ಲಿ ಫಲಿತಾಂಶ ಹೊರಬಂದಾಗ ಫಿಷರನ ಊಹೆ ಸರಿಯಾಗಿತ್ತು. ತಪ್ಪಾಗಿದ್ದರೆ ಪಠ್ಯಪುಸ್ತಕಗಳಲ್ಲಿನ ಸಕ್ಕರೆ, ಅಮೈನೋ ಆಮ್ಲಗಳ ಚಿತ್ರಗಳನ್ನೆಲ್ಲ ಕನ್ನಡಿಯಲ್ಲಿ ನೋಡಿ ಮತ್ತೆ ಬರೆಯಬೇಕಿತ್ತು.

ಈ ವಿಧಾನಕ್ಕೆ ನಮ್ಮ ನೆಲದಲ್ಲೂ ಗಟ್ಟಿ ಬೇರುಗಳಿವೆ. ಮದರಾಸಿನಲ್ಲಿ ಜಿ. ಎನ್. ರಾಮಚಂದ್ರನ್, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಸ್. ರಾಮಶೇಷನ್ 1950ರ ದಶಕದಲ್ಲಿ ಇದೇ ವಿದ್ಯಮಾನವನ್ನು ರಚನೆ ಬಿಡಿಸುವ ಸಾಧನವಾಗಿ ಬೆಳೆಸಿದರು. ರಾಮಶೇಷನ್ ಮತ್ತು ಸಂಗಡಿಗರು ಅದಕ್ಕೆ ಆರಿಸಿಕೊಂಡ ವಸ್ತು, ಬಾವಿಗೆ ಹಾಕುವ ಪೊಟ್ಯಾಸಿಯಂ ಪರ್ಮಾಂಗನೇಟ್. ದೊಡ್ಡ ದೇಶಗಳ ಪ್ರಯೋಗಾಲಯಗಳಿಗೆ ಸರಿಸಮನಾಗಿ ನಿಂತ ಕೆಲಸ ಅದು. ನಮ್ಮ ಪಠ್ಯಗಳಲ್ಲಿ ಅದಕ್ಕೆ ಎರಡು ಸಾಲಿನ ಜಾಗವೂ ಇಲ್ಲದಿರುವುದು ನನ್ನ ತಕರಾರು.

ಎಕ್ಸ್-ರೇ ಬಂದ ಮೇಲೆ ಹೊರರೂಪದ ಮಾತಿಗೆ ಬೆಲೆ ಹೋಯಿತು ಎಂದುಕೊಂಡರೆ, 1982ರಲ್ಲಿ ಅದು ಮತ್ತೆ ಸಾಕ್ಷಿ ಕಟ್ಟೆ ಹತ್ತಿತು. ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಮೇಯರ್ ಲಹಾವ್, ಲೆಸ್ಲಿ ಲೈಸೆರೊವಿಟ್ಸ್, ಲಿಯಾ ಅದ್ದಾದಿ ಮುಂತಾದವರ ಗುಂಪು ಒಂದು ಉಪಾಯ ಹೂಡಿತು. ಬೆಳೆಯುತ್ತಿರುವ ಹರಳಿನ ಅಣುವನ್ನೇ ಬಹುತೇಕ ಹೋಲುವ, ಆದರೆ ಒಂದು ತುದಿ ಮಾತ್ರ ಬೇರೆಯಾದ ಅಣುವನ್ನು ದ್ರಾವಣಕ್ಕೆ ಚೂರು ಬೆರೆಸುವುದು. ಆ ಕಳ್ಳ ಅಣು ತನ್ನ ಬೇರೆ ತುದಿ ಹೊರಕ್ಕೆ ಉಳಿಯುವಂಥ ಮುಖದ ಮೇಲೆ ಮಾತ್ರ ಸುಲಭವಾಗಿ ಕೂರುತ್ತದೆ. ಕೂತು ಆ ಮುಖದ ಬೆಳವಣಿಗೆಗೆ ಅಡ್ಡಗಾಲು ಹಾಕುತ್ತದೆ. ಆ ಮುಖ ನಿಧಾನವಾಗಿ ಬೆಳೆದು ದೊಡ್ಡದಾಗಿ ಕಾಣುತ್ತದೆ. ಯಾವ ಮುಖ ಬದಲಾಯಿತು ಎಂದು ನೋಡಿದರೆ ಒಳಗಿನ ಅಣುಗಳು ಯಾವ ಕಡೆ ತಲೆ ಮಾಡಿ ಮಲಗಿವೆ ಎಂದು ತಿಳಿಯುತ್ತದೆ, ಅದರಿಂದ ಅವುಗಳ ಕೈ ಕೂಡ. ಬೈಫುಟ್ ಹೇಳಿದ್ದೇ ಇಲ್ಲೂ ಬಂತು. ಪಾಶ್ಚರನಿಗೆ ದಕ್ಕದ ಉತ್ತರವನ್ನು ಅವನದೇ ದಾರಿಯಲ್ಲಿ, ಹೊರರೂಪ ನೋಡಿಯೇ ಹೇಳಿದ ಹಾಗಾಯಿತು. ಇಡೀ ಹರಳುಶಾಸ್ತ್ರದಲ್ಲಿ ಇಷ್ಟು ಸೊಗಸಾದ ತರ್ಕ ನನಗೆ ಬೇರೆ ಕಂಡಿಲ್ಲ.

ಇನ್ನು ಇತ್ತೀಚಿನ ಸಂಗತಿ, ಮೊದಲಲ್ಲೇ ಹೇಳಿದ ಲೋಹವೂ ಇಂಗಾಲದ ಅಣುಗಳೂ ಕೂಡಿ ಕಟ್ಟಿದ ಹರಳುಗಳದು. ಮೆಲ್ಬರ್ನ್ ವಿಶ್ವವಿದ್ಯಾಲಯದ ರಿಚರ್ಡ್ ರಾಬ್ಸನ್ 1974ರಲ್ಲಿ ವಿದ್ಯಾರ್ಥಿಗಳಿಗಾಗಿ ಮರದ ಗುಂಡುಗಳಿಗೆ ತೂತು ಕೊರೆಸಿ ಅಣುಗಳ ಮಾದರಿ ಮಾಡಿಸುತ್ತಿದ್ದರು. ತೂತು ಎಲ್ಲಿ ಕೊರೆದಿದೆಯೋ ಅದೇ ಕಟ್ಟಡದ ರೂಪವನ್ನು ತೀರ್ಮಾನಿಸುತ್ತದೆ ಎಂಬುದು ಅವರಿಗೆ ಹೊಳೆಯಿತು. ನಿಜವಾದ ಪರಮಾಣುಗಳಲ್ಲೂ ಹೀಗೆ ಕಟ್ಟಬಾರದೇಕೆ? 1989ರಲ್ಲಿ ತಾಮ್ರದ ಅಯಾನುಗಳನ್ನೂ ನಾಲ್ಕು ತೋಳಿನ ಸಾವಯವ ಅಣುವನ್ನೂ ಸೇರಿಸಿ ವಜ್ರದ ಕಟ್ಟಿನಂಥ, ಆದರೆ ನಡುವೆ ಬಯಲಿರುವ ಹರಳನ್ನು ಮಾಡಿದರು. ಜಪಾನಿನ ಸುಸುಮು ಕಿಟಗಾವಾ 1997ರಲ್ಲಿ ಅಂಥ ಚೌಕಟ್ಟಿನೊಳಗೆ ಅನಿಲ ಹೋಗಿ ಬರಬಲ್ಲುದೆಂದು ತೋರಿಸಿದರು. ಒಮರ್ ಯಾಘಿ 1999ರಲ್ಲಿ ಪ್ರಕಟಿಸಿದ ಸತುವಿನ ಚೌಕಟ್ಟಿನ ಒಳಗೋಡೆಗಳ ವಿಸ್ತೀರ್ಣ ಗ್ರಾಮಿಗೆ ಸುಮಾರು 2,900 ಚದರ ಮೀಟರ್. 2025ರ ರಸಾಯನಶಾಸ್ತ್ರದ ನೊಬೆಲ್ ಈ ಮೂವರಿಗೆ ಸಂದಿತು. ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಸಿ. ಎನ್. ಆರ್. ರಾವ್ ಅವರ ಗುಂಪು ಲೋಹದ ಆಕ್ಸಲೇಟ್ ಮತ್ತು ಫಾಸ್ಫೇಟ್‌ಗಳ ತೆರೆದ ಚೌಕಟ್ಟುಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದನ್ನು ಇಲ್ಲಿ ನೆನೆಯಬೇಕು.

ಒಳಗೆ ಬಯಲಿರುವ ಹರಳಿಗೆ ಎಡ-ಬಲವನ್ನೂ ಕೊಟ್ಟರೆ? ಆ ಓಣಿಗಳಲ್ಲಿ ಔಷಧದ ಎಡ ಅಣು ಒಂದು ರೀತಿ, ಬಲ ಅಣು ಇನ್ನೊಂದು ರೀತಿ ನಡೆದೀತು, ಬೇರ್ಪಡಿಸಬಹುದು ಎಂಬ ಆಸೆ. 2000ದಲ್ಲಿ ದಕ್ಷಿಣ ಕೊರಿಯಾದ ಪೊಹಾಂಗ್‌ನಲ್ಲಿ ಕಿಮೂನ್ ಕಿಮ್ ಅವರ ಗುಂಪು ಇದನ್ನು ಸಾಧಿಸಿತು. ಅವರು ತಳಪಾಯಕ್ಕೆ ಆರಿಸಿದ ಅಣು ಯಾವುದರಿಂದ ಮಾಡಿದ್ದು ಗೊತ್ತೇ? ಟಾರ್ಟಾರಿಕ್ ಆಮ್ಲದಿಂದ! ಅದರ ಒಂದು ಕೈಯ ರೂಪಕ್ಕೆ ಸತುವನ್ನು ಕಟ್ಟಿ ಹರಳು ಬೆಳೆಸಿದಾಗ ಬದಿಗೆ ಸುಮಾರು 13 ಆಂಗ್‌ಸ್ಟ್ರಾಮ್ ಅಳತೆಯ ತ್ರಿಕೋನದ ಓಣಿಗಳು ಬಂದವು. ಒಂದು ಆಂಗ್‌ಸ್ಟ್ರಾಮ್ ಎಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಪಾಲು. ಎಡ-ಬಲ ಬೆರೆತ ರುಥೇನಿಯಂ ಸಂಯುಕ್ತದ ದ್ರಾವಣದಲ್ಲಿ ಅದ್ದಿದರೆ ಹರಳು ಒಂದು ಕೈಯನ್ನು ಹೆಚ್ಚಾಗಿ ಒಳಗೆ ಬಿಟ್ಟುಕೊಂಡಿತು, ಶೇಕಡಾ 66ರ ಹೆಚ್ಚುವರಿಯೊಂದಿಗೆ. ಆದರೆ ಅದರೊಳಗೆ ನಡೆಸಿದ ಒಂದು ರಾಸಾಯನಿಕ ಕ್ರಿಯೆಯಲ್ಲಿ ಒಂದು ಕೈಯ ಹೆಚ್ಚುವರಿ ಸುಮಾರು ಶೇಕಡಾ 8 ಮಾತ್ರ. ಎರಡನೆಯ ಸಂಖ್ಯೆಯನ್ನೂ ಮುಚ್ಚಿಡದೆ ಬರೆದರಲ್ಲ, ಅದಕ್ಕೆ ನನ್ನ ಗೌರವ. ಅಲ್ಲಿಂದ ಈಚೆಗೆ ಇದಕ್ಕಿಂತ ಎಷ್ಟೋ ಚೆನ್ನಾಗಿ ಕೆಲಸ ಮಾಡುವ ಚೌಕಟ್ಟುಗಳು ಬಂದಿವೆ.

ಇದು ನೇರ ದಾರಿ: ಕೈಯುಳ್ಳ ಅಣುವನ್ನು ಹಾಕಿ ಕೈಯುಳ್ಳ ಹರಳನ್ನು ಪಡೆಯುವುದು. ಇನ್ನೊಂದು ದಾರಿ ಸೋಡಿಯಂ ಕ್ಲೋರೇಟಿನದು, ಎಡ-ಬಲವಿಲ್ಲದ ತುಣುಕುಗಳೇ ಎಡ-ಬಲವನ್ನು ಹುಟ್ಟಿಸುವುದು. ಲೋಹದ ಕೀಲಿಗೆ ಸಾವಯವ ತೋಳುಗಳು ಒಂದೇ ಕಡೆ ವಾಲಿ ಸುರುಳಿಯಾಗಿ ಸುತ್ತಿಕೊಂಡರೆ ಸಾಕು, ಒಳಗೆ ತಿರುಪಿನಂಥ ಓಣಿ ಆಗಿಬಿಡುತ್ತದೆ.

2020ರ ಪ್ರಬಂಧ ಈ ಎರಡನೆಯ ದಾರಿಯದು. ಬಂದದ್ದು ಅದೇ ವೈಜ್‌ಮನ್ ಸಂಸ್ಥೆಯಿಂದ. ಮಿಲ್ಕೋ ವಾನ್ ಡೆರ್ ಬೂಮ್, ಮಿಖಾಲ್ ಲಹಾವ್, ಮರಿಯಾ ಕಿಯಾರಾ ದಿ ಗ್ರೆಗೋರಿಯೋ ಮತ್ತಿತರರು ಲೋಹದ ಲವಣವನ್ನೂ ಸಾವಯವ ಅಣುವನ್ನೂ ಸೇರಿಸಿ ಹರಳು ಬೆಳೆಸಿದರು. ಎರಡರಲ್ಲೂ ಎಡ-ಬಲದ ಸುಳಿವಿಲ್ಲ. ಮೊದಲು ಬಂದ ಹರಳುಗಳೂ ನೋಡುವುದಕ್ಕೆ ಎಡ-ಬಲವಿಲ್ಲದವೇ. ಆದರೆ ಬೆಳೆಯುತ್ತಾ ಅವು ಯೋಯೋ ಆಟಿಕೆಯ ರೂಪ ತಾಳಿದವು. ಕೆಲವು ಹರಳುಗಳು ಒಂದು ಕಡೆಗೆ ತಿರುಚಿದ ಸುರುಳಿಯವು, ಮತ್ತೆ ಕೆಲವು ಎದುರು ಕಡೆಗೆ ತಿರುಚಿದವು. ಚಪ್ಪಟೆ ಮುಖ, ಚೂಪು ಅಂಚು, ನಿಶ್ಚಿತ ಕೋನ ಎಂಬ ಶಾಲೆಯ ಪಾಠ ಇಲ್ಲಿ ನಡೆಯುವುದಿಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಿದವರು ಇದೊಂದು ಹರಳುಗಳ ಗೊಂಚಲು, ಹಲವು ತುಂಡುಗಳು ಅಂಟಿಕೊಂಡಿವೆ ಎಂದೇ ಹೇಳಬೇಕು. ಎಕ್ಸ್-ರೇ ಹೇಳಿದ್ದು ಬೇರೆ. ಇಡೀ ಯೋಯೋ ಒಂದೇ ಹರಳು. ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಘಟಕಗಳ ಸಾಲು ಎಲ್ಲಿಯೂ ಮುರಿದಿಲ್ಲ.

ಅಮೆಥಿಸ್ಟ್ ಹೊರಗೆ ಒಂದು, ಒಳಗೆ ಎರಡು ಎಂದಿದ್ದೆ. ಇದು ಹೊರಗೆ ಹಲವು, ಒಳಗೆ ಒಂದು. ಹೊರರೂಪ ಒಳಗಿನ ಘಟಕದ ಸಮಮಿತಿಯನ್ನು ಅನುಸರಿಸಬೇಕು ಎಂದು ನಾವು ಇನ್ನೂರು ವರ್ಷಗಳಿಂದ ಕಲಿಸುತ್ತಾ ಬಂದಿದ್ದೇವೆ. ಇಲ್ಲಿ ಎಡ-ಬಲದ ವಿಷಯದಲ್ಲಿ ಹೊರರೂಪ ನಿಜವನ್ನೇ ಹೇಳಿತು: ಒಳಗೂ ಸುರುಳಿ, ಹೊರಗೂ ಸುರುಳಿ. ಹರಳು ಒಂದೋ ಹಲವೋ ಎಂಬ ವಿಷಯದಲ್ಲಿ ಮಾತ್ರ ದಾರಿ ತಪ್ಪಿಸಿತು. ಹರಳು ಕಟ್ಟುವ ಬಗೆಯನ್ನೇ ಮತ್ತೆ ಯೋಚಿಸಬೇಕಾಗಿದೆ ಎಂದು ಆ ಲೇಖಕರೇ ಬರೆದಿದ್ದಾರೆ. ಉಪಯೋಗವೇನು ಎಂದು ಕೇಳುವವರಿಗೆ ಸದ್ಯಕ್ಕೆ ನನ್ನ ಉತ್ತರ ಇಷ್ಟೇ: ಇಂಥ ಪ್ರಶ್ನೆಯನ್ನು ಪಾಶ್ಚರನಿಗೂ ಕೇಳಿರಬಹುದು. ಅವನ ಲವಣದ ಹತ್ತಿರದ ಬಂಧು ರೋಶೆಲ್ ಲವಣ ಸುಮಾರು ನೂರು ವರ್ಷದ ಬಳಿಕ ಗ್ರಾಮಾಫೋನ್ ಪಿಕಪ್‌ಗಳಲ್ಲಿ, ಮೈಕುಗಳಲ್ಲಿ ಕೂತು ಸಂಗೀತವನ್ನು ವಿದ್ಯುತ್ತಾಗಿ ಮಾಡಿತು. ಒತ್ತಿದರೆ ವಿದ್ಯುತ್ ಹುಟ್ಟುವ ಆ ಗುಣ ಬಂದದ್ದು ಒಳಗಟ್ಟಿನಲ್ಲಿ ಸಮಮಿತಿಯ ಕೇಂದ್ರ ಇಲ್ಲದ್ದರಿಂದಲೇ.

ಕೊನೆಯದಾಗಿ ಇಲ್ಲಿರುವ ಅಧ್ಯಾಪಕರಲ್ಲಿ ಒಂದು ವಿನಂತಿ. ಹರಳು ಬೆಳೆಸುವುದೆಂದರೆ ನಮ್ಮ ಶಾಲೆಗಳಲ್ಲಿ ಪಟಿಕ ಇಲ್ಲವೇ ಮೈಲುತುತ್ತ. ಎರಡಕ್ಕೂ ಎಡ-ಬಲವಿಲ್ಲ. ಸೋಡಿಯಂ ಕ್ಲೋರೇಟ್ ಬೇಡ, ಅದು ಬೆಂಕಿಯ ಅಪಾಯವಿರುವ ವಸ್ತು. ಔಷಧಿ ಅಂಗಡಿಯಲ್ಲಿ ಸಿಗುವ ಎಪ್ಸಮ್ ಉಪ್ಪು ತನ್ನಿ. ಮೆಗ್ನೀಸಿಯಂ ಅಯಾನಿನ ಸುತ್ತ ಆರು ನೀರಿನ ಅಣು, ಪಕ್ಕದಲ್ಲಿ ಸಲ್ಫೇಟ್, ಜೊತೆಗೆ ಇನ್ನೊಂದು ನೀರಿನ ಅಣು, ಇಷ್ಟರಿಂದ ಆದ ಅದರ ಪ್ರತಿಯೊಂದು ಹರಳಿಗೂ ಒಂದು ಕೈ ಉಂಟು. ಬೆಚ್ಚಗಿನ ನೀರಿನಲ್ಲಿ ಕರಗುವಷ್ಟು ಕರಗಿಸಿ, ಸೋಸಿ, ಮೇಲೆ ಕಾಗದ ಮುಚ್ಚಿ ಅಲುಗಾಡದ ಕಡೆ ಇಡಿ. ಉದ್ದನೆಯ ಹರಳುಗಳು ಬರುತ್ತವೆ. ಅಡ್ಡಕೊಯ್ತ ಕಣ್ಣಿಗೆ ಚೌಕವೆಂದೇ ಕಾಣುತ್ತದೆ, ಆದರೆ ಮೂಲೆಗಳು 90 ಡಿಗ್ರಿಗೆ ಅರ್ಧ ಡಿಗ್ರಿಯಷ್ಟು ಹೆಚ್ಚು ಕಡಿಮೆ ಇರುತ್ತವೆ. ತುದಿಯ ಓರೆ ಮುಖಗಳನ್ನು ಮಕ್ಕಳು ಭೂತಗನ್ನಡಿಯಲ್ಲಿ ನೋಡಿ ಚಿತ್ರ ಬರೆಯಲಿ, ನೀವು ಉತ್ತರವನ್ನು ಮೊದಲೇ ಹೇಳಿಕೊಡಬೇಡಿ.